ಮಗ್ಗದ ಮನೆ, ಉಡುವ ಮನೆ: ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮತ್ತು ದಿನಬಳಕೆಯ ಅಭಿರುಚಿಯ ಚರಿತ್ರೆ

ಉಡುಗೆಯ ಇತಿಹಾಸವನ್ನು ಬರೆಯಹೊರಟವರಿಗೆ ದೊರೆಯುವ ಸಾಕ್ಷ್ಯಗಳು ಬಹುಮಟ್ಟಿಗೆ ಅರಮನೆಯವು, ಗುಡಿಯವು ಅಥವಾ ಸುಂಕದ ಕಟ್ಟೆಯವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಪ್ರಕರಣವಿದ್ದು, ದೊರೆಯು ಯಾವ ಋತುವಿನಲ್ಲಿ ಎಂಥ ಬಟ್ಟೆಯನ್ನು ಧರಿಸಬೇಕೆಂಬುದನ್ನು ಅದು ವಿವರವಾಗಿ ಹೇಳುತ್ತದೆ. 578ರ ಶಾಸನವನ್ನು ಹೊಂದಿರುವ ಬಾದಾಮಿಯ ಮೂರನೆಯ ಗುಹೆಯ ಶಿಲ್ಪಗಳಲ್ಲಿ ದೇವ ದೇವಿಯರ ಉಡುಗೆಯ ನಿರಿಗೆಗಳು ಇಂದಿಗೂ ಕಾಣುತ್ತವೆ. ಆದರೆ ಅದೇ ನಾಡಿನಲ್ಲಿ ನಸುಕಿನಲ್ಲಿ ಎದ್ದು ಜೋಳ ಬೀಸಿ, ನೀರು ಹೊತ್ತು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಹೆಣ್ಣುಮಕ್ಕಳ ಬಟ್ಟೆ ಕಲ್ಲಿನಲ್ಲಾಗಲಿ ಓಲೆಯಲ್ಲಾಗಲಿ ಉಳಿಯಲಿಲ್ಲ. ಅದು ಉಟ್ಟು ಸವೆದು, ಸವೆದದ್ದು ಮತ್ತೊಂದು ಬಳಕೆಗೆ ಸಂದು, ಕೊನೆಗೆ ಮಣ್ಣು ಸೇರಿತು. ಹೀಗಾಗಿ ದಿನಬಳಕೆಯ ಉಡುಗೆಯ ಚರಿತ್ರೆಯನ್ನು ಉಳಿದ ವಸ್ತುಗಳಿಗಿಂತ ಹೆಚ್ಚಾಗಿ ಉಳಿದ ಕಸುಬಿನಲ್ಲಿ, ಸಂಪ್ರದಾಯದಲ್ಲಿ ಮತ್ತು ನುಡಿಯಲ್ಲಿ ಹುಡುಕಬೇಕಾಗುತ್ತದೆ.

ಅಂಥ ಹುಡುಕಾಟಕ್ಕೆ ಒದಗಿಬರುವ ಒಂದು ನೆಲೆ ಇಂದಿನ ಬಾಗಲಕೋಟೆ ಜಿಲ್ಲೆಯ ಇಳಕಲ್ ಮತ್ತು ಗುಳೇದಗುಡ್ಡ. ಮೊದಲನೆಯ ಊರು ಸೀರೆಗೆ, ಎರಡನೆಯದು ಕುಪ್ಪಸದ ಬಟ್ಟೆಯಾದ ಖಣಕ್ಕೆ ಹೆಸರಾದುವು; ಇವೆರಡನ್ನೂ ಕೂಡಿಸಿ ಉಡುವ ಕ್ರಮವು ಬಹುಕಾಲ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ನಿತ್ಯದ ಉಡುಗೆಯಾಗಿತ್ತು. ಈ ಜೋಡಿಯ ಇತಿಹಾಸವನ್ನು ನೇಕಾರಿಕೆಯ ಇತಿಹಾಸವೆಂದಷ್ಟೇ ಓದಿದರೆ ಅದರ ಅರ್ಧಭಾಗ ಕಾಣದೆ ಹೋಗುತ್ತದೆ. ಸೀರೆಯು ಮಗ್ಗದಿಂದ ಇಳಿದಾಗ ಅದರ ಕೆಲಸ ಪೂರ್ತಿಯಾಗುತ್ತಿರಲಿಲ್ಲ. ಯಾವ ಸೀರೆಗೆ ಯಾವ ಖಣ, ಯಾವ ದಡಿ, ಸೆರಗಿನ ಮೇಲೆ ಎಂಥ ಕಸೂತಿ ಎಂಬುದನ್ನು ಉಡುವವರೇ ತೀರ್ಮಾನಿಸಿ, ಅದನ್ನು ತಮ್ಮ ಮನೆಯಲ್ಲಿ ಪೂರ್ಣಗೊಳಿಸುತ್ತಿದ್ದರು. ಬಿಗಿಯಾದ ಸಾಮಾಜಿಕ ಕಟ್ಟಳೆಗಳ ನಡುವೆಯೂ ವ್ಯಕ್ತಿಗತ ಅಭಿರುಚಿಯು ಬೆಳೆದದ್ದು ಈ ಕೊನೆಯ ಹಂತದಲ್ಲಿ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ.

ಈ ಕಸುಬು ಇಲ್ಲಿ ನೆಲೆಯೂರಲು ನೆಲದ ಗುಣವೇ ಮೊದಲ ಕಾರಣ. ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳ ನಡುವಿನ ಎರೆಭೂಮಿಯಲ್ಲಿ ಜೋಳದೊಡನೆ ಹತ್ತಿಯೂ ಬೆಳೆಯುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಒಕ್ಕಲುತನವೊಂದನ್ನೇ ನಂಬಲಾಗದ ಕುಟುಂಬಗಳಿಗೆ ನೇಕಾರಿಕೆಯು ಆಸರೆಯಾಯಿತು. ವ್ಯಾಪಾರದ ಹಿನ್ನೆಲೆಯೂ ಇಲ್ಲಿತ್ತು; ಇಳಕಲ್ಲಿಗೆ ಹೆಚ್ಚು ದೂರವಿಲ್ಲದ ಐಹೊಳೆಯು ‘ಅಯ್ಯಾವೊಳೆ ಐನೂರ್ವರು’ ಎಂಬ ಮಧ್ಯಯುಗದ ಪ್ರಸಿದ್ಧ ವರ್ತಕ ಸಂಘದ ಮೂಲಸ್ಥಾನವಾಗಿತ್ತು. ಮಗ್ಗಗಳ ಮೇಲೆ ವಿಧಿಸುತ್ತಿದ್ದ ತೆರಿಗೆಯಾದ ಮಗ್ಗದೆರೆಯ ಉಲ್ಲೇಖವು ಕನ್ನಡ ಶಾಸನಗಳಲ್ಲಿ ಕಾಣಸಿಗುವುದರಿಂದ, ಬಟ್ಟೆಯು ಆಡಳಿತದ ಲೆಕ್ಕಕ್ಕೆ ಬರುವಷ್ಟು ಮುಖ್ಯವಾದ ಉತ್ಪನ್ನವಾಗಿತ್ತೆಂಬುದು ಸ್ಪಷ್ಟ. ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ, ಸ್ವಕುಳಸಾಲಿ, ಪದ್ಮಸಾಲಿ ಮೊದಲಾದ ನೇಕಾರ ಸಮುದಾಯಗಳು ಈ ಪ್ರದೇಶದಲ್ಲಿ ನೆಲೆಸಿವೆ. ಬಸವಣ್ಣನವರಿಗಿಂತ ಹಿಂದಿನ ವಚನಕಾರನೆಂದು ಗೌರವಿಸಲಾಗುವ ಮುದನೂರಿನ ದೇವರ ದಾಸಿಮಯ್ಯನು ನೇಕಾರನಾಗಿದ್ದನೆಂಬ ನೆನಪನ್ನು ಈ ಸಮುದಾಯಗಳು ಇಂದಿಗೂ ಹೆಮ್ಮೆಯಿಂದ ಕಾಪಾಡಿಕೊಂಡಿವೆ.

ನೇಕಾರನ ಮನೆಯಲ್ಲಿ ಮಗ್ಗಕ್ಕೆ ಬೇರೆ ಕಟ್ಟಡವಿರುತ್ತಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು, ಅಲ್ಲಿಯ ಕಾಲುಮಣೆಗಳನ್ನು ತುಳಿಯುತ್ತ ನೇಯುವ ಕುಣಿಮಗ್ಗವು ಮನೆಯ ಪಡಸಾಲೆಯಲ್ಲಿಯೇ ಇರುತ್ತಿತ್ತು. ನೆಲದ ತಂಪು ಎಳೆಗಳನ್ನು ಒಣಗಿ ತುಂಡಾಗದಂತೆ ಕಾಯುತ್ತಿತ್ತು. ಲಾಳಿ ಎಸೆಯುವ ಕೆಲಸವು ಒಬ್ಬರದಾದರೂ ಅದಕ್ಕೆ ಮೊದಲಿನ ಕೆಲಸಗಳು ಇಡೀ ಮನೆಯವು: ನೂಲನ್ನು ಬಿಡಿಸಿ ರಾಟಿಯಲ್ಲಿ ಸುತ್ತುವುದು, ಉದ್ದನೆಯ ಎಳೆಗಳಾದ ಹಾಸನ್ನು ಹೂಡುವುದು, ಅದಕ್ಕೆ ಗಂಜಿ ಕೊಡುವುದು, ಅಡ್ಡ ಎಳೆಯಾದ ಹೊಕ್ಕಿಗಾಗಿ ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆಯನ್ನು ಸುತ್ತಿಕೊಡುವುದು. ಇವುಗಳಲ್ಲಿ ಬಹುಪಾಲು ಕೆಲಸವನ್ನು ಹೆಂಗಸರು, ಮುದುಕರು ಮತ್ತು ಮಕ್ಕಳು ಮಾಡುತ್ತಿದ್ದರು. ಒಲೆ, ತೊಟ್ಟಿಲು ಮತ್ತು ಮಗ್ಗ ಒಂದೇ ಸೂರಿನಡಿ ಇದ್ದುದರಿಂದ ಮನೆಗೆಲಸ ಮತ್ತು ಕಸುಬುಗಳನ್ನು ಬೇರ್ಪಡಿಸುವ ಗೆರೆಯು ಅಲ್ಲಿರಲಿಲ್ಲ. ಅದರಿಂದಲೇ ಹೆಂಗಸರ ದುಡಿಮೆಯು ಮನೆಗೆಲಸದ ಭಾಗವೆಂದು ಭಾವಿಸಲ್ಪಟ್ಟು, ಕೂಲಿಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳಲಿಲ್ಲ.

ಇಳಕಲ್ ಸೀರೆಯನ್ನು ಇತರ ಸೀರೆಗಳಿಂದ ಪ್ರತ್ಯೇಕಿಸುವುದು ಅದರ ಹಾಸಿನ ರಚನೆ. ಒಡಲು, ದಡಿ ಮತ್ತು ಸೆರಗುಗಳಿಗೆ ಬೇರೆ ಬೇರೆಯಾಗಿ ಹಾಸನ್ನು ಸಿದ್ಧಪಡಿಸಲಾಗುತ್ತದೆ. ಒಡಲಿನ ಹಾಸು ಸಾಂಪ್ರದಾಯಿಕವಾಗಿ ಹತ್ತಿಯದು, ಸೆರಗಿನದು ರೇಷ್ಮೆಯದು. ಒಡಲಿನ ಹತ್ತಿಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವ ವಿಧಾನಕ್ಕೆ ‘ಕೊಂಡಿ’ ಎನ್ನುತ್ತಾರೆ. ಹೀಗೆ ಜೋಡಿಸುವುದರಿಂದ ಒಂದು ಸೀರೆಗೆ ಒಂದು ಹಾಸನ್ನೇ ಹೂಡಬೇಕಾಗುತ್ತದೆ. ಹಲವು ಸೀರೆಗಳಿಗೆ ಒಟ್ಟಿಗೆ ಹಾಸು ಹೂಡಿ ಶ್ರಮ ಉಳಿಸುವ ಅವಕಾಶ ಇದರಲ್ಲಿಲ್ಲ. ದಿನವೂ ಮೈಮೇಲಿರುವ ಮತ್ತು ಮತ್ತೆಮತ್ತೆ ಒಗೆತ ಕಾಣುವ ಒಡಲಿಗೆ ಬಾಳಿಕೆಯ ಹತ್ತಿ, ಎಲ್ಲರ ಕಣ್ಣಿಗೆ ಬೀಳುವ ಸೆರಗಿಗೆ ಹೊಳಪಿನ ರೇಷ್ಮೆ ಎಂಬ ಈ ಹಂಚಿಕೆಯಲ್ಲಿ ಸಾಧಾರಣ ಮನೆತನದ ಆರ್ಥಿಕ ವಿವೇಕವು ನೇಯ್ಗೆಯ ತಂತ್ರವಾಗಿಯೇ ರೂಪುಗೊಂಡಿದೆ. ಇಡೀ ಸೀರೆಯನ್ನು ರೇಷ್ಮೆಯಲ್ಲಿ ಕೊಳ್ಳಲಾರದ ಕುಟುಂಬವೂ ರೇಷ್ಮೆಯ ಸೆರಗನ್ನು ಹೊದೆಯುವಂತಾದದ್ದು ಕೊಂಡಿಯ ನೇಯ್ಗೆಯ ಸಾಮಾಜಿಕ ಫಲ.

ಸೆರಗಿನ ವಿನ್ಯಾಸವು ಬಹುಮಟ್ಟಿಗೆ ಸ್ಥಿರವಾದುದು. ಎರಡು ಕೆಂಪು ಭಾಗಗಳು, ಅವುಗಳ ನಡುವೆ ಬಿಳಿಯ ಭಾಗ, ಅವು ಸಂಧಿಸುವೆಡೆಯಲ್ಲಿ ಹಲ್ಲುಹಲ್ಲಾಗಿ ಒಂದರೊಳಗೊಂದು ಸೇರುವ ಆಕೃತಿಗಳು ಇರುತ್ತವೆ. ಬಾಚಣಿಗೆಯ ಹಲ್ಲನ್ನು ಹೋಲುವುದು ‘ಹಣಿಗೆ’, ಕೋಟೆಯ ಮೇಲ್ಗೋಡೆಯ ಸಾಲನ್ನು ಹೋಲುವುದು ‘ಕೋಟಿ ಕಮ್ಮಲಿ’, ಜೋಳದ ತೆನೆಯನ್ನು ನೆನಪಿಸುವುದು ‘ಟೋಪ್ ತೆನಿ’, ಬೆಟ್ಟದ ಸಾಲಿನಂತಿರುವುದು ‘ರಂಪ’. ಎಲ್ಲರ ಸೆರಗೂ ಇದೇ ಕೆಂಪು ಬಿಳುಪಿನದಾಗಿದ್ದರಿಂದ ಆಯ್ಕೆಯು ಒಡಲು ಮತ್ತು ದಡಿಯ ಕಡೆಗೆ ಹೊರಳಿತು. ಒಡಲಿನಲ್ಲಿ ಬರಿಯ ಬಣ್ಣ, ಗೆರೆಗೆರೆಯ ಕಡ್ಡಿ, ಚೌಕಡಿ ಎಂಬ ಬಗೆಗಳಿದ್ದವು. ದಡಿಯಲ್ಲಿ ಗೋಮಿ, ಪರಸ್ಪೇಟಿ, ಗಾಡಿ, ಚಿಕ್ಕಿ ಪರಾಸ್ ಎಂಬ ಹೆಸರಿನ ವಿನ್ಯಾಸಗಳಿದ್ದವು. ದಾಳಿಂಬೆಯ ಕೆಂಪು, ನವಿಲಿನ ಮತ್ತು ಗಿಣಿಯ ಹಸಿರು, ನೀಲಗಾರರು ಅದ್ದಿಕೊಡುತ್ತಿದ್ದ ಗಾಢ ನೀಲಿ, ಮದುವೆಯ ಸಂದರ್ಭಕ್ಕೆ ಮೀಸಲಾದ ‘ಗಿರಿ ಕುಂಕುಮ’ವೆಂಬ ಕೆಂಪು ಇವೆಲ್ಲ ಬಣ್ಣಗಳ ಸಾಲಿಗೆ ಸೇರಿದ್ದವು. ದಡಿಯ ಹೆಸರು ಮತ್ತು ಒಡಲಿನ ಬಣ್ಣ ಇಷ್ಟನ್ನು ಹೇಳಿದರೆ ಅಂಗಡಿಯವನಿಗೂ ನೆರೆಮನೆಯವರಿಗೂ ಸೀರೆಯು ಕಣ್ಣಮುಂದೆ ಬರುವಂಥ ಒಂದು ಪರಿಭಾಷೆಯೇ ಹೀಗೆ ಬೆಳೆಯಿತು, ಅದನ್ನು ಓದು ಬರಹ ತಿಳಿಯದ ಹೆಣ್ಣುಮಕ್ಕಳೂ ನಿರಾಯಾಸವಾಗಿ ಬಳಸುತ್ತಿದ್ದರು.

ಸೀರೆಯೊಡನೆ ಕುಪ್ಪಸದ ಬಟ್ಟೆಯನ್ನು ಸೇರಿಸಿಯೇ ನೇಯುವ ಇಂದಿನ ಕ್ರಮವು ಆಗ ಇರಲಿಲ್ಲ. ಕುಪ್ಪಸಕ್ಕೆ, ಆಡುಮಾತಿನಲ್ಲಿ ಕುಬಸಕ್ಕೆ, ಗುಳೇದಗುಡ್ಡದ ಖಣವನ್ನೇ ತರಬೇಕಾಗಿತ್ತು. ಖಣವು ಒಂದು ಕುಪ್ಪಸಕ್ಕೆ ಸಾಲುವಷ್ಟು ಅಳತೆಯ, ಕಿರಿದಾದ ಅಗಲದ, ಎರಡೂ ಅಂಚಿನಲ್ಲಿ ದಡಿಯಿರುವ ಬಟ್ಟೆ. ಒಡಲ ತುಂಬ ನೇಯ್ಗೆಯಲ್ಲಿಯೇ ಮೂಡಿಸಿದ ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಮೊದಲಾದ ಸಣ್ಣ ಚಿತ್ತಾರಗಳಿರುತ್ತವೆ. ಹೊಲಿಯುವಾಗ ದಡಿಯು ತೋಳಿನ ಅಂಚಿಗೆ ಬರುವಂತೆ ಕತ್ತರಿಸುವುದು ರೂಢಿ. ಸೀರೆ ಒಂದೂರಿನದು, ಖಣ ಇನ್ನೊಂದೂರಿನದು ಆದುದರಿಂದ ಅವುಗಳ ಹೊಂದಾಣಿಕೆಯನ್ನು ಯಾವ ನೇಕಾರನೂ ಮೊದಲೇ ನಿರ್ಧರಿಸಿರುತ್ತಿರಲಿಲ್ಲ. ಕರಿಯ ಸೀರೆಗೆ ಕೆಂಪು ಖಣವೋ ಹಳದಿಯದೋ, ದಡಿಯ ಬಣ್ಣವು ಕೂಡಬೇಕೋ ಎದುರಾಗಬೇಕೋ ಎಂಬ ತೀರ್ಮಾನವು ಉಡುವವರದು. ಕೊಳ್ಳುವಾಗ ಹಣದ ಮಾತು ಗಂಡಸರ ಕೈಯಲ್ಲಿದ್ದ ಮನೆಗಳಲ್ಲಿಯೂ ಈ ತೀರ್ಮಾನವು ಹೆಂಗಸರದೇ ಆಗಿತ್ತು. ‘ಆಕೆಗೆ ಉಡೂದು ತಿಳೀತದ’ ಎಂಬ ಮೆಚ್ಚುಗೆಯ ಮಾತು ಸೀರೆಯ ಬೆಲೆಯನ್ನು ಕುರಿತದ್ದಲ್ಲ, ಈ ಹೊಂದಿಕೆಯ ತಿಳಿವಳಿಕೆಯನ್ನು ಕುರಿತದ್ದು.

ಉಡುವ ರೀತಿಯಲ್ಲಿ ಸಮುದಾಯದ ಗುರುತು ಮತ್ತು ಕೆಲಸದ ಅನುಕೂಲ ಎರಡೂ ಕೂಡಿಕೊಂಡಿದ್ದವು. ಬ್ರಾಹ್ಮಣ ಮತ್ತು ಮರಾಠ ಮನೆತನಗಳಲ್ಲಿ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ, ಅಂದರೆ ನಿರಿಗೆಯ ತುದಿಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಸಿಕ್ಕಿಸಿ ಉಡುತ್ತಿದ್ದರೆ, ಲಿಂಗಾಯತ ಮತ್ತಿತರ ಹಲವು ಮನೆತನಗಳಲ್ಲಿ ಕಚ್ಚೆಯಿಲ್ಲದೆ ಮುಂದೆ ನಿರಿಗೆ ಹಿಡಿದು, ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುವುದು ವಾಡಿಕೆ. ಹಿರಿಯರೆದುರು ಸೆರಗು ತಲೆಯಿಂದ ಜಾರಬಾರದೆಂಬ ಕಟ್ಟಳೆ ಇತ್ತು. ಅದೇ ಸೆರಗು ಹೊಲದಲ್ಲಿ ಬಿಸಿಲು ತಡೆಯಿತು, ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಿತು, ಮಗುವಿನ ಮೋರೆ ಒರೆಸಿತು. ಇದರ ಜೊತೆಗೆ ಈ ವ್ಯವಸ್ಥೆಯ ನಿರ್ದಯ ಮುಖವನ್ನೂ ದಾಖಲಿಸಬೇಕು. ಗಂಡ ತೀರಿಕೊಂಡ ಹೆಣ್ಣಿಗೆ ಕುಂಕುಮ, ಹಸಿರು ಬಳೆಗಳೊಡನೆ ಬಣ್ಣದ ಆಯ್ಕೆಯನ್ನೂ ನಿರಾಕರಿಸಲಾಗುತ್ತಿತ್ತು, ಶುಭಕಾರ್ಯದಲ್ಲಿ ಆಕೆಗೆ ಖಣ ಕೊಡುವ ಪದ್ಧತಿಯೂ ಇರಲಿಲ್ಲ. ಅಭಿರುಚಿಯೆಂಬುದು ವ್ಯಕ್ತಿಯ ಒಡೆತನದ್ದೆಂದು ಒಪ್ಪದ ಸಮಾಜವು ಅದನ್ನು ಮುತ್ತೈದೆತನಕ್ಕೆ ಕಟ್ಟಿಹಾಕಿ, ಬೇಕೆಂದಾಗ ಕಿತ್ತುಕೊಂಡಿತು.

ಮನೆಯೊಳಗಿನ ಸೃಜನಶೀಲತೆಯು ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಸೂತಿಯಲ್ಲಿ. ಇದು ಬಟ್ಟೆಯ ಮೇಲೆ ಚಿತ್ರವನ್ನು ಮೊದಲು ಬರೆದುಕೊಳ್ಳದೆ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ತುಂಬುವ ಸೂಜಿಕೆಲಸ. ಇದರಲ್ಲಿ ನಾಲ್ಕು ಹೊಲಿಗೆಗಳಿವೆ: ಹೋದ ದಾರಿಯಲ್ಲಿಯೇ ಹಿಂದಿರುಗಿ ಬಂದು ಗೆರೆಯನ್ನು ತುಂಬುವ ಗವಂತಿ, ಅದನ್ನೇ ಮೆಟ್ಟಿಲಿನಂತೆ ಅಂಕುಡೊಂಕಾಗಿ ಒಯ್ಯುವ ಮುರ್ಗಿ, ನೇಯ್ದಂತೆ ಕಾಣುವ ನೇಯ್ಗೆ, ಮೆಂತ್ಯದ ಕಾಳಿನ ನೆನಪು ತರುವ ಅಡ್ಡಹೊಲಿಗೆಯಾದ ಮೆಂತಿ. ಗವಂತಿ ಮತ್ತು ಮುರ್ಗಿಗಳಲ್ಲಿ ಗಂಟು ಹಾಕುವುದಿಲ್ಲವಾದ್ದರಿಂದ ಬಟ್ಟೆಯ ಎರಡೂ ಬದಿಯಲ್ಲಿ ಚಿತ್ತಾರ ಒಂದೇ ಬಗೆಯಾಗಿ ಕಾಣುತ್ತದೆ. ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಗಿಣಿ ಮುಂತಾದ ಆಕೃತಿಗಳು ಸೆರಗಿನ ಬಳಿ ದೊಡ್ಡದಾಗಿ, ಒಡಲಿನ ಕಡೆಗೆ ಸಾಗಿದಂತೆ ಸಣ್ಣದಾಗಿ, ವಿರಳವಾಗಿ ಹರಡಿಕೊಳ್ಳುತ್ತವೆ. ‘ಚಂದ್ರಕಾಳಿ’ ಎಂಬ ಕರಿಯ ಸೀರೆಯ ಮೇಲೆ ಇವುಗಳನ್ನು ತುಂಬಿ ಮದುಮಗಳಿಗೆ ಕೊಡುವ ಪದ್ಧತಿಯಿತ್ತು. ಕರಿಬಣ್ಣವನ್ನು ಮಂಗಳಕಾರ್ಯಕ್ಕೆ ಒಲ್ಲದ ನಾಡಿನಲ್ಲಿ ಇದೊಂದು ಗಮನಾರ್ಹ ಅಪವಾದ. ಮಕ್ಕಳ ತಲೆಗೆ ಕಟ್ಟುವ ಕುಂಚಿಗೆ ಮತ್ತು ಖಣದ ಕುಪ್ಪಸಗಳ ಮೇಲೂ ಕಸೂತಿ ಕಾಣಿಸಿಕೊಂಡಿತು. ಆಕೃತಿಗಳ ಸಂಗ್ರಹ ಎಲ್ಲರಿಗೂ ಸೇರಿದ್ದಾದರೂ ಯಾವುದರ ಪಕ್ಕ ಯಾವುದು, ಎಷ್ಟು ದಟ್ಟವಾಗಿ, ಯಾವ ಬಣ್ಣದಲ್ಲಿ ಎಂಬುದು ತುಂಬುವ ಕೈಯ ನಿರ್ಧಾರ. ಎರಡು ಚಂದ್ರಕಾಳಿ ಸೀರೆಗಳು ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಸೀರೆ ಮತ್ತು ಖಣಗಳು ಮನೆಯಿಂದ ಮನೆಗೆ ಸಾಗುತ್ತಿದ್ದುದು ವ್ಯಾಪಾರದಿಂದಷ್ಟೇ ಅಲ್ಲ, ಉಡುಗೊರೆಯ ರೂಢಿಯಿಂದಲೂ ಹೌದು. ಮನೆಗೆ ಬಂದ ಹೆಣ್ಣುಮಗಳನ್ನು ಕಳಿಸುವಾಗ ಅಕ್ಕಿ, ಕೊಬ್ಬರಿ, ಅಡಿಕೆ, ಅರಿಸಿನದ ಬೇರು, ಉತ್ತತ್ತಿಗಳೊಡನೆ ತ್ರಿಕೋನಾಕಾರವಾಗಿ ಮಡಿಸಿದ ಖಣವನ್ನಿಟ್ಟು ಆಕೆಯ ಸೆರಗಿನ ಮಡಿಲಿಗೆ ಹಾಕುವುದಕ್ಕೆ ಉಡಿ ತುಂಬುವುದು ಎನ್ನುತ್ತಾರೆ. ಬಸುರಿಗೆ ತವರಿನವರು ಹಸಿರು ಸೀರೆ ಖಣ ತಂದು ಮಾಡುವ ಸೀಮಂತವನ್ನು ಈ ಸೀಮೆಯಲ್ಲಿ ‘ಕುಬಸ’ವೆಂದೇ ಕರೆಯುತ್ತಾರೆ. ಬಾದಾಮಿಯ ಬನಶಂಕರಿ ಮತ್ತು ಸವದತ್ತಿಯ ಎಲ್ಲಮ್ಮನಿಗೂ ಇದೇ ಬಗೆಯ ಉಡಿ ಸಲ್ಲುತ್ತದೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯು ಸೀರೆ ಖಣಗಳ ದೊಡ್ಡ ಮಾರುಕಟ್ಟೆಯೂ ಹೌದು. ಈ ರೂಢಿಗಳಿಂದ ನೇಕಾರನಿಗೆ ವರ್ಷದುದ್ದಕ್ಕೂ ಬೇಡಿಕೆ ಉಳಿಯಿತು. ನೆರೆಯ ಮಹಾರಾಷ್ಟ್ರದಲ್ಲಿಯೂ ಖಣದ ಚೋಳಿ ಮತ್ತು ‘ಇರಕಲ್’ ಸೀರೆಗಳು ಮನೆಮಾತಾದುದರಿಂದ ಭಾಷೆಯ ಗಡಿಯನ್ನು ಮೀರಿದ ಮಾರುಕಟ್ಟೆಯೂ ದೊರೆಯಿತು.

ಹಳೆಯದಾದ ಸೀರೆಗೂ ಮನೆಯಲ್ಲಿ ಮುಂದಿನ ಪಾತ್ರವಿತ್ತು. ಹಬ್ಬದ ಸೀರೆಯು ಹೊಳಪು ಕಳೆದುಕೊಂಡ ಮೇಲೆ ನಿತ್ಯದ ಉಡುಗೆಯಾಗುತ್ತಿತ್ತು; ಒಗೆದು ಒಗೆದು ಮೆತ್ತಗಾದ ಒಡಲು ಬಾಣಂತಿಯ ಮತ್ತು ಕೂಸಿನ ಬಟ್ಟೆಯಾಗುತ್ತಿತ್ತು, ಜೋಳಿಗೆಯ ತೊಟ್ಟಿಲಾಗುತ್ತಿತ್ತು. ಅನಂತರ ಹಲವು ಸೀರೆಗಳ ತುಂಡುಗಳನ್ನು ಪದರಪದರವಾಗಿ ಹರಡಿ, ಸಾಲುಹೊಲಿಗೆ ಹಾಕಿ, ಹೊದೆಯುವ ಕೌದಿಯನ್ನು ಹೊಲಿಯುತ್ತಿದ್ದರು. ಯಾವ ತುಂಡಿನ ಪಕ್ಕ ಯಾವ ಬಣ್ಣ ಬರಬೇಕೆಂಬ ವಿಚಾರದಲ್ಲಿ ಕೌದಿಯು ಸೀರೆ ಖಣಗಳ ಹೊಂದಿಕೆಯ ಕಲೆಯನ್ನೇ ಮುಂದುವರಿಸಿತು.

ಈ ವ್ಯವಸ್ಥೆಯು ಬದಲಾಗದೆ ನಿಂತಿತ್ತೆಂದು ತಿಳಿಯುವುದು ತಪ್ಪಾದೀತು. ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ, ಮುಂದೆ ವಿಜಾಪುರ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1876ರಿಂದ 1878ರವರೆಗಿನ ಭೀಕರ ಬರಕ್ಕೆ ತುತ್ತಾಯಿತು; ಬರಗಾಲದಲ್ಲಿ ಜನರು ಮೊದಲು ಮುಂದೂಡುವುದು ಬಟ್ಟೆಯ ಖರೀದಿಯನ್ನು, ನೇಕಾರನಿಗಾದರೋ ಕಾಳು ಕೊಳ್ಳದೆ ಬೇರೆ ದಾರಿಯಿಲ್ಲ. 1880ರ ದಶಕದಲ್ಲಿ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೂಲಕ ಹೋಟಗಿಗೆ ರೈಲುಮಾರ್ಗವಾಯಿತು, 1887ರಲ್ಲಿ ಗೋಕಾಕದಲ್ಲಿ ಜಲಪಾತದ ಶಕ್ತಿಯಿಂದ ನಡೆಯುವ ನೂಲಿನ ಗಿರಣಿಯು ಆರಂಭವಾಯಿತು. ಕೈನೂಲು ಹಿಂದೆ ಸರಿದು ಗಿರಣಿಯ ನೂಲು ಮಗ್ಗಕ್ಕೆ ಬಂದಿತು. 1897ರ ಬಳಿಕ ಜರ್ಮನಿಯ ಕೃತಕ ನೀಲಿಯು ಜಗತ್ತಿನ ಮಾರುಕಟ್ಟೆಯನ್ನು ಆವರಿಸಿದಂತೆ ನೀಲಗಾರರ ಕಸುಬು ಕುಗ್ಗಿತು. 20ನೆಯ ಶತಮಾನದಲ್ಲಿ ಸೆರಗಿಗೂ ದಡಿಗೂ ಕೃತಕ ರೇಷ್ಮೆ ಬಳಕೆಗೆ ಬಂದಿತು. ಸ್ಥಳೀಯರು ‘ಚಮಕಾ’ ಎನ್ನುವ ಈ ನೂಲು ಸೀರೆಯನ್ನು ಇನ್ನಷ್ಟು ಬಡ ಮನೆಗಳಿಗೆ ತಲುಪಿಸಿತು. ನೂಲು, ಬಣ್ಣ, ಸಾಗಣೆ ಎಲ್ಲವೂ ಬದಲಾದರೂ ಕೊಂಡಿ, ಸೆರಗಿನ ಕೆಂಪು ಬಿಳುಪು ಮತ್ತು ಖಣದೊಂದಿಗಿನ ಜೋಡಿ ಉಳಿದುಬಂದವು; ಉಡುವವರು ಗುರುತಿಸಿ ಬಯಸುತ್ತಿದ್ದುದು ಅವನ್ನೇ ಎಂಬುದು ಇದಕ್ಕೆ ಕಾರಣ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬಂದ ಬದಲಾವಣೆಯು ಇದಕ್ಕಿಂತ ಆಳವಾದುದು, ಏಕೆಂದರೆ ಅದು ಉಡುವ ಮನೆಯನ್ನೇ ಮುಟ್ಟಿತು. ನೈಲಾನ್ ಮತ್ತು ಪಾಲಿಯೆಸ್ಟರ್ ಸೀರೆಗಳು ಅಗ್ಗವಾಗಿದ್ದವು, ಬೇಗ ಒಣಗುತ್ತಿದ್ದವು, ಇಸ್ತ್ರಿ ಬೇಡುತ್ತಿರಲಿಲ್ಲ; ನೀರು ಹೊತ್ತು ತರಬೇಕಾದ ಮನೆಗಳಲ್ಲಿ ಈ ಅನುಕೂಲಗಳನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಸೀರೆಯೊಡನೆಯೇ ಬರುವ ಕುಪ್ಪಸದ ತುಂಡಿನಿಂದ ಖಣದ ಅಗತ್ಯ ತಗ್ಗಿತು. ಶತಮಾನದ ಕೊನೆಯ ಹೊತ್ತಿಗೆ ಮನೆಯೊಳಗೆ ನೈಟಿ, ಹೊರಗೆ ಚೂಡಿದಾರ ರೂಢಿಯಾಗಿ, ಇಳಕಲ್ ಸೀರೆಯು ಅಜ್ಜಿಯಂದಿರ ನಿತ್ಯದ ಉಡುಗೆಯಾಗಿ, ಕಿರಿಯರ ಸಮಾರಂಭದ ಉಡುಗೆಯಾಗಿ ಉಳಿಯಿತು. ಸರ್ಕಾರವು 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರ ಕಾಯ್ದೆ 1985ರಲ್ಲಿ ರಚಿತವಾಯಿತು. ಇಳಕಲ್ ಸೀರೆ ಮತ್ತು ಕಸೂತಿ ಎರಡಕ್ಕೂ ಭೌಗೋಳಿಕ ಸೂಚಿಕೆಯ ನೋಂದಣಿ, ಅಂದರೆ ನಿರ್ದಿಷ್ಟ ಪ್ರದೇಶದ ಉತ್ಪನ್ನವೆಂಬ ಕಾನೂನಿನ ಮಾನ್ಯತೆ, ದೊರೆತಿದೆ. ಆದರೂ ವಿದ್ಯುತ್ ಮಗ್ಗದಲ್ಲಿ ನೇಯ್ದ, ಕೊಂಡಿಯಿಲ್ಲದ ಸೀರೆಗಳೂ ಯಂತ್ರದ ಕಸೂತಿಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ.

ಇತ್ತೀಚೆಗೆ ಖಣದ ಬಟ್ಟೆಯು ಅಂಗಿ, ಚೀಲ, ತೋರಣಗಳ ರೂಪದಲ್ಲಿ ನಗರಗಳನ್ನು ಮುಟ್ಟಿದೆ, ಇಳಕಲ್ ಸೀರೆಯನ್ನು ಹೊಸ ತಲೆಮಾರಿನವರು ಕೆಲಸದ ಸ್ಥಳಗಳಿಗೂ ಉಟ್ಟುಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಹೊಸ ಬಳಕೆಗೆ ಒಗ್ಗದ ಯಾವ ನೇಯ್ಗೆಯೂ ಬಹುಕಾಲ ಬಾಳಿದ್ದಿಲ್ಲ. ಆದರೆ ಈ ಮರುಹುಟ್ಟು ಬಟ್ಟೆಯನ್ನು ಮಾತ್ರ ಉಳಿಸಿ ಅದರ ಹಿಂದಿನ ತಿಳಿವಳಿಕೆಯನ್ನು ಕೈಬಿಟ್ಟರೆ ಅಪೂರ್ಣವಾಗುತ್ತದೆ. ಕಾನೂನಿನ ನೋಂದಣಿಯು ಕೊಂಡಿಯನ್ನೂ ಹೊಲಿಗೆಯನ್ನೂ ವಿವರಿಸಬಲ್ಲುದು. ಆದರೆ ದಡಿಗಳ ಹೆಸರುಗಳು, ಬಣ್ಣ ಕೂಡಿಸುವ ರೀತಿಗಳು, ಎಳೆ ಎಣಿಸುವ ಕ್ರಮಗಳು ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿವೆ, ಅವು ಅವರ ಮಾತಿನಲ್ಲಿಯೇ ದಾಖಲಾಗಬೇಕು. ಅದರಂತೆಯೇ ಕಂಡಿಕೆ ಸುತ್ತುವ, ಹಾಸು ಹೂಡುವ, ಕಸೂತಿ ತುಂಬುವ ಕೈಗಳ ದುಡಿಮೆಯನ್ನು ಮನೆಗೆಲಸವೆಂದು ಕಡೆಗಣಿಸದೆ ಕಸುಬೆಂದು ಗಣಿಸಿ, ಸೀರೆಯ ಬೆಲೆಯಲ್ಲಿ ಅದರ ಪಾಲನ್ನು ಅವರಿಗೇ ಸಲ್ಲಿಸಬೇಕು. ನೇಯುವ ಮನೆ ಮತ್ತು ಉಡುವ ಮನೆಗಳು ಕೂಡಿ ಕಟ್ಟಿದ ಈ ಅಭಿರುಚಿಯ ಪರಂಪರೆಯಲ್ಲಿ ಹೆಣ್ಣುಮಕ್ಕಳು ಗಿರಾಕಿಗಳಷ್ಟೇ ಆಗಿರದೆ ಕರ್ತೃಗಳೂ ಆಗಿದ್ದರು. ಅವರನ್ನು ಹಾಗೆಂದು ಗುರುತಿಸುವ ಚರಿತ್ರೆಯು ಮಾತ್ರ ಈ ಸೀರೆಗೆ ನ್ಯಾಯ ಸಲ್ಲಿಸಬಲ್ಲುದು.